ಕಸ್ತೂರವ್ವನ ನಾಡಿಬಳೆ

ಒಳಗೆ ಮಲಗಿದವರ ಎದೆಬಡಿತ ಹೊರಗೆ ಕೂತವರ ಮಣಿಕಟ್ಟಿಗೆ ಬಂದು ತಟ್ಟುವಂತಾದರೆ ಹೇಗಿರುತ್ತದೆ ಎಂಬ ಯೋಚನೆ ಮೊದಲು ಯಾರಿಗೆ ಹೊಳೆಯಿತೋ, ಅವರು ಐಸಿಯು ಬಾಗಿಲ ಹೊರಗೆ ಒಂದು ದಿನವನ್ನಾದರೂ ಕಳೆದಿರಬೇಕು. ಆ ಬಾಗಿಲಿನ ಎದುರು ಬೆಂಚಿನ ಮೇಲೆ ಕೂತವರಿಗೆ ಗಡಿಯಾರ ಮುಂದೆ ಹೋಗುವುದಿಲ್ಲ, ತಿಂದ ತುತ್ತು ಕೆಳಗಿಳಿಯುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಹೊರಬಂದವನು ಕಸದ ಬುಟ್ಟಿ ಹಿಡಿದವನಾದರೆ ಒಟ್ಟಿಗೆ ಕೂರುತ್ತಾರೆ.

ನದೀ ದಂಡೆಯ ಒಂದು ಆಸ್ಪತ್ರೆಗೆ ನಾಡಿಬಳೆ ಬಂದದ್ದು ಇಂಥವರಿಗಾಗಿ. ನೋಡಲಿಕ್ಕೆ ದಪ್ಪನೆಯ ಹಸಿರು ಬಳೆ. ಅದರ ಒಳಮೈಯಲ್ಲಿ ಹೆಸರುಕಾಳಿನಷ್ಟು ಮೆತ್ತನೆಯ ಗುಂಡಿ. ರೋಗಿಯ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಹಿಡಿದ ಬಡಿತ ಮಾನಿಟರಿಗೆ ಹೋಗಿ, ಅಲ್ಲಿಂದ ಮೊಬೈಲು ಟವರಿನ ದಾರಿ ಹಿಡಿದು ಬಳೆಗೆ ಬರುತ್ತಿತ್ತು. ಒಳಗೆ ಎದೆ ಒಮ್ಮೆ ಬಡಿದರೆ ಹೊರಗೆ ಗುಂಡಿ ಒಮ್ಮೆ ತಟ್ಟುತ್ತಿತ್ತು. ರೋಗಿ ಉಸಿರೆಳೆದಾಗ ಬಳೆ ತುಸು ಬಿಗಿಯುತ್ತಿತ್ತು, ಬಿಟ್ಟಾಗ ಸಡಿಲಾಗುತ್ತಿತ್ತು. ಅಂಕಿ ಇಲ್ಲ, ಗಂಟೆ ಇಲ್ಲ, ಕೆಂಪು ದೀಪ ಇಲ್ಲ.

ಐಸಿಯುದ ಹಿರಿಯ ನರ್ಸು ನೀಲಗಂಗಾ ಹಾದಿಮನಿಗೆ ಮಾತ್ರ ಈ ಬಳೆಯ ಮೇಲೆ ಮೊದಲಿನಿಂದಲೂ ಮುನಿಸು. ಅದಕ್ಕೆ ಕಾರಣವಿತ್ತು. ಬಳೆ ಬರುವ ಮೊದಲು ದಿನಾ ಸಂಜೆ ಅವಳು ಐಸಿಯು ಬಾಗಿಲಲ್ಲಿ ನಿಂತು ಒಂದೊಂದೇ ಮನೆಯವರನ್ನು ಕರೆದು, ನಾಡಿ ಎಷ್ಟಿದೆ, ಉಸಿರು ಹೇಗಿದೆ, ನಿನ್ನೆಗಿಂತ ಇವತ್ತು ಏನು ಬದಲಾಗಿದೆ, ಹಾಗೆಂದರೇನು ಎಂದು ಅವರ ಮಾತಿನಲ್ಲೇ ಬಿಡಿಸಿ ಹೇಳುತ್ತಿದ್ದಳು. ವಾರ್ಡಿನಲ್ಲಿ ಇದಕ್ಕೆ ‘ಬಾಗಿಲ ಮಾತು’ ಎಂದೇ ಹೆಸರು. ಬಳೆ ಬಂದ ಮೇಲೆ ಮೇಲಿನವರು, “ಇನ್ನ ಬಳೀನ ಎಲ್ಲಾ ಹೇಳತೈತಲ್ಲ, ನೀವ್ಯಾಕ ನಿಂತ ಹೊತ್ತ ಕಳೀತೀರಿ” ಎಂದು ಬಾಗಿಲ ಮಾತನ್ನು ನಿಲ್ಲಿಸಿಬಿಟ್ಟರು. ಉಳಿದ ಆ ಹೊತ್ತಿಗೆ ಇನ್ನೆರಡು ಹಾಸಿಗೆಗಳ ಕೆಲಸ ಅವಳ ಹೆಗಲಿಗೆ ಬಿತ್ತು.

ಬಳೆಯ ಉಸ್ತುವಾರಿ ನೋಡುತ್ತಿದ್ದವನು ಶ್ರೀವತ್ಸ. ಮೈಸೂರು ಕಡೆಯ ಇಂಜಿನಿಯರು, ಕೂದಲು ಹಿಂದಕ್ಕೆ ಸರಿಯತೊಡಗಿದ ವಯಸ್ಸು, ಒಳ್ಳೆಯ ಮನುಷ್ಯ. ಎರಡನೇ ಮಹಡಿಯ ನಿಗಾ ಕೋಣೆಯಲ್ಲಿ ಪರದೆಗಳ ಮುಂದೆ ಕೂತು ಯಾವ ಬಳೆ ಎಲ್ಲಿದೆ, ಅದರ ಗುಂಡಿ ಎಷ್ಟು ಸಲ ಒತ್ತಿದೆ, ಅದರಲ್ಲಿ ಚಾರ್ಜು ಎಷ್ಟಿದೆ ಎಂದು ನೋಡುವುದು ಅವನ ಕೆಲಸ. ಮೊದಲ ವಾರವೇ ಅವನಿಗೊಂದು ಒಗಟು ಎದುರಾಯಿತು. ಗಂಡಸರಿಗೆ ಕೊಟ್ಟ ಬಳೆಗಳೆಲ್ಲ ಸರಿಯಾಗಿ ಚಾರ್ಜಾಗುತ್ತಿದ್ದವು. ಹೆಂಗಸರವು, ಅದರಲ್ಲೂ ಗಂಡನನ್ನು ಒಳಗೆ ಮಲಗಿಸಿದವರವು, ಎರಡೇ ದಿನಕ್ಕೆ ಸತ್ತು ಬೀಳುತ್ತಿದ್ದವು. ಹೂ ಮಾರುವ ಒಬ್ಬಾಕೆಯ ಕೈಯಲ್ಲಿ ಬಳೆ ಹಾಗೆ ಸುಮ್ಮನಾದಾಗ ಅವಳು ಕಾರಿಡಾರಿನಲ್ಲೇ ಎದೆ ಬಡಿದುಕೊಂಡು ಬಿದ್ದುಹೋದಳು. ಒಳಗೆ ಅವಳ ಗಂಡ ಚಹಾ ಕೊಡಲಿಲ್ಲವೆಂದು ನರ್ಸುಗಳೊಡನೆ ಜಗಳ ತೆಗೆದಿದ್ದ.

“ಚಾರ್ಜ್ ಮಾಡಿ ಅಂತ ಚಿತ್ರ ಬರೆಸಿ ಗೋಡೆಗೆ ಹಾಕಿದೀನಿ ಸಿಸ್ಟರ್. ಯಾಕೆ ಮಾಡಲ್ಲ ಇವರು?” ಎಂದು ಶ್ರೀವತ್ಸ ಕೇಳಿದ.

“ಚಾರ್ಜ್ ಮಾಡಬೇಕಂದ್ರ ಕೈಯಾಗಿಂದ ತಗೀಬೇಕಲ್ರೀ ಸರ. ಗಂಡ ಒಳಗ ಹಂಗ ಮಲಗಿದ್ದಾಗ ಯಾರು ಕೈಬಳಿ ತಗೀತಾರ?”

ಶ್ರೀವತ್ಸ ಗೋಡೆಯ ಮೇಲಿನ ತನ್ನ ಚಿತ್ರದ ಕಡೆ ನೋಡಿದ. ಆಮೇಲೆ, “ಬ್ಯಾಂಡ್ ಅಂತ ಹೆಸರಿಟ್ಟಿದ್ರೆ ಸರಿಹೋಗ್ತಿತ್ತೇನೋ” ಎಂದ.

“ಹಂಗಾದ್ರ ಅವರು ಹಾಕ್ಕೊಂತಿರಲಿಲ್ಲ. ಒಂದ ಕೆಲಸ ಮಾಡ್ರಿ, ಒಬ್ಬೊಬ್ಬರಿಗೆ ಎರಡೆರಡ ಕೊಡ್ರಿ. ಹೊಸಾದ್ ಏರಿಸಿ ಆಮ್ಯಾಲ ಹಳೇದ ತಗಿಯೋದು. ಕೈ ಬರಿದಾಗಬಾರದು, ಅಷ್ಟ.”

ಎರಡೆರಡು ಬಳೆ ಕೊಟ್ಟ ಮೇಲೆ ಆ ತಾಪತ್ರಯ ತಪ್ಪಿತು. ಯಂತ್ರದ ಕಡೆಯದು ಇನ್ನೇನೂ ಉಳಿದಿಲ್ಲವೆಂದು ಶ್ರೀವತ್ಸ ನಿರಾಳವಾದ. ಬಳೆ ತಟ್ಟುವುದನ್ನು ಜನ ಏನೆಂದು ತಿಳಿದುಕೊಳ್ಳುತ್ತಾರೆ ಎಂಬುದು ಯಂತ್ರದ ಕಡೆಯ ಮಾತಲ್ಲವಲ್ಲ.

ಕಸ್ತೂರವ್ವ ಬಂದದ್ದು ಇದಾದ ಮೇಲೆ. ಅವಳೂ ಅವಳ ಗಂಡ ಗುರಪ್ಪನೂ ಹತ್ತಿರದ ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ತಗಡು ಗುರಪ್ಪನ ಕಾಲು ಕೊಯ್ದಿತ್ತು. ಅವನು ಅದಕ್ಕೆ ಅರಿಶಿಣ ಮೆತ್ತಿ, ಬಟ್ಟೆ ಸುತ್ತಿ, ಜೋಳ ಬೀಸುತ್ತಲೇ ಇದ್ದ. ಗಾಯದ ನಂಜು ರಕ್ತಕ್ಕೆ ಏರಿ ಮೈಯೆಲ್ಲ ಹಬ್ಬಿದಾಗ ಆಸ್ಪತ್ರೆಗೆ ತಂದು ಹಾಕಿದರು. ರಕ್ತದೊತ್ತಡ ಪಾತಾಳಕ್ಕಿಳಿದಿತ್ತು, ಕೈಕಾಲು ತಣ್ಣಗಾಗಿದ್ದವು. ಒತ್ತಡವನ್ನು ಎತ್ತಿ ಹಿಡಿಯುವ ಔಷಧ ಹನಿಹನಿಯಾಗಿ ಕುತ್ತಿಗೆಯ ನಳಿಗೆಯಲ್ಲಿ ಇಳಿಯುತ್ತಿತ್ತು. ಎದೆ ಮಾತ್ರ ಬೆನ್ನಟ್ಟಿಸಿಕೊಂಡವರ ಹಾಗೆ ಓಡುತ್ತಿತ್ತು.

ನೀಲಗಂಗಾ ಕೊಟ್ಟ ಬಳೆ ಏರಿಸಿಕೊಂಡ ಕಸ್ತೂರವ್ವನ ಮುಖ ಅರಳಿತು. “ಬಾಯಾರ, ಎಷ್ಟ ಜೋರ ಐತ್ರೀ ನಮ್ಮವರದು. ಗಟ್ಟಿ ಜೀವ ಅದು, ನನಗ ಗೊತ್ತಿತ್ತು” ಎಂದಳು.

ಅಷ್ಟು ಜೋರಾಗಿರುವುದೇ ಅಪಾಯ ಎಂದು ನೀಲಗಂಗಾ ಹೇಳಬೇಕಿತ್ತು. ಆದರೆ ಒಳಗೆ ಇನ್ನೊಂದು ಹಾಸಿಗೆಯ ಮಾನಿಟರು ಕೂಗುತ್ತಿತ್ತು, ಎದುರಿಗೆ ಬಹಳ ಹೊತ್ತಿನ ಮೇಲೆ ನಕ್ಕ ಒಂದು ಮುಖವಿತ್ತು. ಆ ನಗುವನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ತಾನೂ ಒಂಚೂರು ನಕ್ಕು ಒಳಗೆ ಹೋದಳು.

ಮರುದಿನದಿಂದ ಕಸ್ತೂರವ್ವ ಬೆಳಿಗ್ಗೆ ಊರಿಗೆ ಹೋಗಿ ಗಿರಣಿ ನಡೆಸಿ, ಮಧ್ಯಾಹ್ನದ ಬಸ್ಸಿಗೆ ಆಸ್ಪತ್ರೆಗೆ ಬರತೊಡಗಿದಳು. ಗಿರಣಿ ಮುಚ್ಚಿದರೆ ಓಣಿಯ ಒಲೆಗಳು ಸುಮ್ಮನಿರಬೇಕಲ್ಲ. ಜೋಳದ ಡಬ್ಬಿ ಹೊತ್ತು ಬಂದ ಹೆಂಗಸರೆಲ್ಲ ಮೊದಲು ಅವಳ ಕೈ ಹಿಡಿದು ಬಳೆ ಒತ್ತಿ ನೋಡುತ್ತಿದ್ದರು. “ಅಯ್ಯ, ಹೆಂಗ ಓಡಾಕತ್ತಾನ ನೋಡ, ಹೋರಿ ಓಡಿದಂಗ” ಎಂದು ಒಬ್ಬಳೆಂದರೆ, “ಇಷ್ಟ ಜೋರ ಇದ್ದಾಂವ ಎದ್ದ ಬರತಾನ ಬಿಡ” ಎಂದು ಇನ್ನೊಬ್ಬಳು. ಕಟಿಂಗ್ ಅಂಗಡಿಯವನು ಗಿರಾಕಿಯ ಕೆನ್ನೆಗೆ ಸಾಬೂನು ಹಚ್ಚಿಟ್ಟು ಬಂದು ನಾಡಿ ನೋಡಿಹೋಗುತ್ತಿದ್ದ. ನಾಲ್ಕು ದಿನದಲ್ಲಿ ಇಡೀ ಓಣಿ ವೈದ್ಯರ ಓಣಿಯಾಯಿತು. ಗುರಪ್ಪನ ಅಣ್ಣ ಕರಿಬಸಪ್ಪ ಮನೆಗೆ ಹಿರಿಯ, ಮಿತಭಾಷಿ. ತಮ್ಮನ ಹೆಂಡತಿಯ ಕೈ ಮುಟ್ಟುವಂತಿಲ್ಲವಾದ್ದರಿಂದ ಅವನು ದೂರದಲ್ಲೇ ನಿಂತು ಎಲ್ಲರ ಬಾಯಿಂದ ವರದಿ ಕೇಳುತ್ತಿದ್ದ.

ಐದನೆಯ ದಿನ ಬೆಳಿಗ್ಗೆ ಗುರಪ್ಪನ ನಾಡಿ ಇಳಿಯತೊಡಗಿತು.

ನಿಗಾ ಕೋಣೆಯಲ್ಲಿ ಶ್ರೀವತ್ಸ ಪರದೆ ನೋಡುತ್ತ ನೀಲಗಂಗಾಳನ್ನು ಕರೆದ. “ಈ ಬಳೆ ಕೆಟ್ಟಿದೆ ಅನ್ಸತ್ತೆ ಸಿಸ್ಟರ್. ಬೆಳಿಗ್ಗೆಯಿಂದ ಮೇಲಿಂದ ಮೇಲೆ ಯಾರೋ ಒತ್ತುತಾ ಇದಾರೆ. ಬಿಡುವೇ ಇಲ್ಲ.”

“ಯಾರದದು?”

“ಗುರಪ್ಪ ಅಂತ. ಊರಲ್ಲಿ, ಗಿರಣಿ ಹತ್ರ ತೋರಿಸ್ತಿದೆ.”

ಊರವರು ನಾಡಿ ನೋಡುವ ಸಂಗತಿಯನ್ನು ಕಸ್ತೂರವ್ವನೇ ಹೆಮ್ಮೆಯಿಂದ ಹೇಳಿದ್ದಳು. ನೀಲಗಂಗಾ ನಗಲು ಹೋದವಳು ಅರ್ಧಕ್ಕೇ ನಿಂತಳು. ಗುರಪ್ಪನ ಬಡಿತ ರಾತ್ರಿ ನೂರಾ ನಲವತ್ತರ ಹತ್ತಿರವಿದ್ದದ್ದು ಈಗ ತೊಂಬತ್ತಕ್ಕೆ ಬಂದಿತ್ತು. ರಕ್ತದೊತ್ತಡ ಏರಿತ್ತು, ಜ್ವರ ಬಿಟ್ಟಿತ್ತು. ಔಷಧ ಹಿಡಿದು ನಂಜು ಸೋಲುತ್ತಿದೆ ಎಂದು ಡಾಕ್ಟರು ಮುಂಜಾನೆಯಷ್ಟೇ ಹೇಳಿ ಆಪರೇಷನ್ ಕೋಣೆಗೆ ಹೋಗಿದ್ದರು. ಇದೆಲ್ಲ ಮಾನಿಟರಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ತನಗೆ ಗೊತ್ತು. ಅಲ್ಲಿ ಗಿರಣಿಯ ಮುಂದೆ ಕೈ ಹಿಡಿದು ನಿಂತವರಿಗೆ ಬಡಿತ ಇಳಿದದ್ದಷ್ಟೇ ಗೊತ್ತು. ಜೋರಾಗಿದ್ದರೆ ಗಟ್ಟಿ ಎಂದು ಅವರು ನಂಬಿದಾಗ ತಾನು ನಕ್ಕು ಸುಮ್ಮನಾಗಿದ್ದೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು. ಕಸ್ತೂರವ್ವನಿಗೆ ಫೋನು ಮಾಡಿದಳು. ಗಿರಣಿಯ ಸದ್ದಿನಲ್ಲೋ ಏನೋ, ಯಾರೂ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕರಿಬಸಪ್ಪ ಒಂದು ಗಾಡಿ ಮಾಡಿಕೊಂಡು ಬಂದೇಬಿಟ್ಟ. ಲಿಫ್ಟು ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡ ಕಸ್ತೂರವ್ವ.

“ನಮ್ಮ ತಮ್ಮನ್ನ ಬಿಟ್ಟಬಿಡ್ರಿ ಬಾಯಾರ” ಎಂದ ಕರಿಬಸಪ್ಪ. “ಮನೀಗೆ ಒಯ್ತೀವಿ. ಸಹಿ ಎಲ್ಲಿ ಮಾಡಬೇಕು ಹೇಳ್ರಿ.”

“ಯಾಕ ಕಾಕಾ, ಏನಾತು?”

“ನಾಡಿ ಇಳೀತು. ಓಣಿ ಮಂದೆಲ್ಲಾ ನೋಡ್ಯಾರ. ನಮ್ಮಪ್ಪ ಇಂಥಾ ನಳಿಗಿ ನಡುವ ಸತ್ತಾ. ಬಾಯಾಗ ಒಂದ ಹನಿ ನೀರ ಹಾಕಾಕ ನನಗ ಬಿಡಲಿಲ್ಲ. ಇಂವಗ ಹಂಗಾಗೂದ ಬ್ಯಾಡ. ಇಂವ ತನ್ನ ಹೊಸ್ತಿಲದಾಗ ಕಣ್ಣ ಮುಚ್ಚಲಿ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನೀಲಗಂಗಾಳಿಗೆ ಕಷ್ಟವಾಯಿತು. ಸಿಟ್ಟಾದರೆ ಎದುರಿಸಬಹುದಿತ್ತು. ಕುತ್ತಿಗೆಯ ಆ ನಳಿಗೆಯನ್ನು ಈಗ ಬಿಚ್ಚಿದರೆ ಗುರಪ್ಪ ಊರ ಅಗಸಿಬಾಗಿಲು ಮುಟ್ಟುವುದೂ ಅನುಮಾನ. ಇರಗೊಟ್ಟರೆ ಬದುಕುವ ಮನುಷ್ಯ. ಅದನ್ನು ಇವರಿಗೆ ಹೇಗೆ ಹೇಳುವುದು?

“ಇಳದದ್ದ ಚಲೋ ಐತಿ ಕಾಕಾ” ಎಂದಳು.

ಕಸ್ತೂರವ್ವ ಸೆರಗು ತೆಗೆದು ಮೊದಲ ಸಲ ಬಾಯಿಬಿಟ್ಟಳು. “ಅವತ್ತ ಜೋರ ಐತಂದಾಗ ನೀವೂ ನಕ್ಕೀದ್ರಿ. ಇವತ್ತ ಇಳದದ್ದ ಚಲೋ ಅಂತೀರಿ. ಯಾವದ ಖರೆ ಬಾಯಾರ?”

ನೀಲಗಂಗಾಳ ಮುಖಕ್ಕೆ ರಕ್ತ ಏರಿತು. “ಅವತ್ತ ನಾ ಹೇಳಬೇಕಿತ್ತವ್ವಾ. ನಿಮ್ಮ ಮಾರಿ ನೋಡಿ ಬಾಯಿ ಬರಲಿಲ್ಲ. ತಪ್ಪ ನಂದು” ಎಂದಳು. ಆಮೇಲೆ ಏನು ಹೊಳೆಯಿತೋ, ನಿಗಾ ಕೋಣೆಗೆ ಫೋನು ಹಚ್ಚಿದಳು. “ಸರ, ಒಂದ ಹೊಸಾ ಕ್ಲಿಪ್ಪು ತಗೊಂಡ ಓಡಿ ಬರ್ರಿ. ಕಸ್ತೂರವ್ವನ ಬಳಿಗಿ ಸ್ವಲ್ಪ ಹೊತ್ತು ಬ್ಯಾರೇದವರ ನಾಡಿ ಹಚ್ಚಬೇಕು.”

“ಹಾಗೆ ಮಾಡೋ ಹಾಗಿಲ್ಲ ಸಿಸ್ಟರ್. ಒಂದು ಬಳೆಗೆ ಒಬ್ಬರೇ ರೋಗಿ ಅಂತ...”

“ಮಾಡಾಕ ಬರತೈತೋ ಇಲ್ಲೋ?”

“ಬರತ್ತೆ” ಎಂದ ಶ್ರೀವತ್ಸ, ಮತ್ತೆ ಮರುಮಾತಾಡದೆ ಓಡಿ ಬಂದ.

ನೀಲಗಂಗಾ ಕರಿಬಸಪ್ಪನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು. ಮಹಡಿ ಹತ್ತಿದ ಆಯಾಸ, ದುಃಖ, ಗಾಬರಿ ಎಲ್ಲ ಸೇರಿ ಅವನ ಎದೆ ಇನ್ನೂ ಹಾರುತ್ತಿತ್ತು. ಶ್ರೀವತ್ಸ ಕೈಯಲ್ಲಿದ್ದ ಪರದೆಯ ಮೇಲೆ ಏನೋ ಒತ್ತಿದ. ಕಸ್ತೂರವ್ವ ಬೆಚ್ಚಿ ತನ್ನ ಕೈ ನೋಡಿಕೊಂಡಳು.

“ಮತ್ತ ಓಡಾಕತ್ತೈತಿ” ಎಂದಳು, ಆಸೆಯಿಂದ.

“ಅದು ನಿಮ್ಮವರದಲ್ಲ. ನಿಮ್ಮ ಭಾವಾರದು. ಈಗ ಹೇಳ್ರಿ, ಭಾವಾರು ಗಟ್ಟಿ ಆಗ್ಯಾರೇನು, ದಣದಾರೇನು?”

ಕಸ್ತೂರವ್ವ ಭಾವನ ಬೆವೆತ ಮುಖ ನೋಡಿದಳು. ನೀಲಗಂಗಾ ಕರಿಬಸಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಫ್ಯಾನು ಹಾಕಿ, ಒಂದು ಲೋಟ ನೀರು ಕೊಟ್ಟಳು. ಅವನು ಅನುಮಾನದಿಂದಲೇ ಕುಡಿದ. ಕಸ್ತೂರವ್ವನ ಕಣ್ಣು ಬಳೆಯ ಮೇಲೇ ಇತ್ತು. ಓಡುತ್ತಿದ್ದದ್ದು ನಡೆಯತೊಡಗಿತು, ಆಮೇಲೆ ಸಾವಕಾಶವಾಯಿತು.

“ಇಳೀತು” ಎಂದಳು ಅವಳು, ಮೆಲ್ಲಗೆ.

“ಕಾಕಾ, ನಿಮ್ಮ ನಾಡೀನೂ ಇಳೀತಂತ. ನಿಮ್ಮನ್ನೂ ಮನೀಗೆ ಒಯ್ಯೂಣೇನು?”

ಕರಿಬಸಪ್ಪನಿಗೆ ನಗು ಬರಲಿಲ್ಲ. ಆದರೆ ಬೆರಳಿನ ಕ್ಲಿಪ್ಪನ್ನು ಬಹಳ ಹೊತ್ತು ನೋಡಿದ. ಅವನು ದಡ್ಡನಲ್ಲ, ಬೇಗ ಒಪ್ಪುವ ಆಸಾಮಿಯೂ ಅಲ್ಲ. “ನಾ ಕುಂತೀನಿ, ಮಾತಾಡಾಕತ್ತೀನಿ. ಅಂವ ಮಲಗ್ಯಾನ. ನನಗೂ ಅವಗೂ ಹೆಂಗ ಹೋಲಸ್ತೀರಿ?” ಎಂದ.

ನೀಲಗಂಗಾ ಕಸ್ತೂರವ್ವನ ಕಡೆ ತಿರುಗಿದಳು. “ಗಿರಣ್ಯಾಗ ಜ್ವಾಳ ಖಾಲಿ ಆದ್ರ ಕಲ್ಲ ಹೆಂಗ ತಿರಗತಾವ?”

“ಭರ್ರಂತ ತಿರಗತಾವ. ಬರೇ ಸಪ್ಪಳ.”

“ಮೊದಲ ನಾಕ ದಿನ ನಿಮ್ಮವರ ಎದಿ ಹಂಗ ಓಡಾಕತ್ತಿತ್ತು. ನಂಜಿಗೆ ರಕ್ತನಾಳ ಎಲ್ಲಾ ಸಡಲ ಬಿದ್ದಿದ್ದವು. ಒಳಗ ರಕ್ತ ತುಂಬಿ ಬರೂದ ಕಮ್ಮಿ ಆಗಿತ್ತು, ಎದಿ ಸುಮ್ಮನ ಓಡಿ ಓಡಿ ಸಾಯಾಕತ್ತಿತ್ತು. ಈಗ ಔಷಧ ಹಿಡದೈತಿ. ಮ್ಯಾಲಿಂದ ಜ್ವಾಳ ಬೀಳಾಕತ್ತೈತಿ. ಅದಕ್ಕ ಗಿರಣಿ ಸಾವಕಾಶ ಆಗೈತಿ.”

ಕಸ್ತೂರವ್ವನ ಹುಬ್ಬು ಸಡಿಲವಾಯಿತು. ಅಷ್ಟರಲ್ಲಿ ಕರಿಬಸಪ್ಪ, “ಕರೆಂಟ್ ಹೋದಾಗೂ ಗಿರಣಿ ಸಾವಕಾಶ ಆಗತೈತಲ್ಲ ಬಾಯಾರ?” ಎಂದ.

ಶ್ರೀವತ್ಸ ಗಾಬರಿಯಿಂದ ನೀಲಗಂಗಾಳ ಮುಖ ನೋಡಿದ. ಬಳೆಯ ಬಗ್ಗೆ ತಾನು ಬರೆದ ವರದಿಗಳಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಅದು.

“ಖರೆ ಅಂದ್ರಿ ಕಾಕಾ” ಎಂದಳು ನೀಲಗಂಗಾ. “ಸಾಯುವಾಗೂ ನಾಡಿ ಇಳೀತೈತಿ, ಗುಣ ಆಗುವಾಗೂ ಇಳೀತೈತಿ. ಸಪ್ಪಳ ಒಂದ ಕೇಳಿದ್ರ ನನಗೂ ತಿಳಿಯಂಗಿಲ್ಲ. ಹಿಟ್ಟ ಬರಾಕತ್ತೈತೋ ಇಲ್ಲೋ ಕೈ ಹಚ್ಚಿ ನೋಡಬೇಕು. ಬರ್ರಿ, ಇಬ್ಬರೂ ಒಳಗ ಬರ್ರಿ.”

ಹೊತ್ತಲ್ಲದ ಹೊತ್ತಿನಲ್ಲಿ ಇಬ್ಬರನ್ನು ಐಸಿಯು ಒಳಗೆ ಬಿಡುವುದು ನಿಯಮಕ್ಕೆ ವಿರುದ್ಧ. ಬೈಸಿಕೊಳ್ಳುವುದಿದ್ದರೆ ಆಮೇಲೆ ಬೈಸಿಕೊಂಡರಾಯಿತು ಎಂದು ನೀಲಗಂಗಾ ಅವರ ಕೈ ತೊಳೆಸಿ ಕರೆದುಕೊಂಡು ಹೋದಳು. ಗುರಪ್ಪ ಕಣ್ಣು ಮುಚ್ಚಿ ಮಲಗಿದ್ದ. ಅವಳು ಅವನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟಳು. ಬಿಳಿಚಿದ ಉಗುರು ಕ್ಷಣದಲ್ಲಿ ಕೆಂಪಾಯಿತು. “ಬಂದ ದಿನ ಒತ್ತಿದಾಗ ಇದು ಹಂಗ ಬಿಳೀ ಉಳೀತಿತ್ತು. ಈಗ ಒಂದ ದಮ್ಮಿಗೆ ಬಣ್ಣ ಬರಾಕತ್ತೈತಿ” ಎಂದಳು. ಹಾಸಿಗೆಯ ಪಕ್ಕ ತೂಗುತ್ತಿದ್ದ ಮೂತ್ರದ ಚೀಲ ತೋರಿಸಿದಳು. “ಇದು ಖಾಲಿ ಇರತಿತ್ತು. ಈಗ ಅರ್ಧ ತುಂಬೈತಿ. ಕಿಡ್ನಿಗೆ ರಕ್ತ ಮುಟ್ಟಾಕತ್ತೈತಿ ಅಂದಂಗ.” ಆಮೇಲೆ ಹೊದಿಕೆಯ ಅಂಚು ಎತ್ತಿ, “ಕಸ್ತೂರವ್ವ, ಪಟ್ಟಿ ಕಟ್ಟದ ಕಾಲ ಮುಟ್ಟಿ ನೋಡ್ರಿ” ಎಂದಳು.

ಕಸ್ತೂರವ್ವ ಎರಡೂ ಕೈಯಲ್ಲಿ ಗಂಡನ ಅಂಗಾಲು ಹಿಡಿದುಕೊಂಡಳು. ತಂದ ದಿನ ಅದೇ ಕಾಲು ಬಾವಿಯೊಳಗಿನ ಕಲ್ಲಿನ ಹಾಗೆ ತಣ್ಣಗಿದ್ದದ್ದು ಅವಳ ಕೈಗೆ ಚೆನ್ನಾಗಿ ನೆನಪಿತ್ತು. ಈಗ ಅದು ಬೆಚ್ಚಗಿತ್ತು. ಜ್ವರದ ಸುಡು ಬಿಸಿಯಲ್ಲ, ಚಳಿಗಾಲದಲ್ಲಿ ಕೌದಿಯೊಳಗೆ ತನ್ನ ಕಾಲಿಗೆ ತಾಗುವ ಗಂಡನ ಕಾಲಿನ ಬಿಸುಪು. ಅವಳು ಅತ್ತುಬಿಟ್ಟಳು.

“ನಾಳೆ ಏನಾಗತೈತಿ ಅಂತ ನಾ ಆಣಿ ಮಾಡಿ ಹೇಳಂಗಿಲ್ಲ” ಎಂದಳು ನೀಲಗಂಗಾ. “ಮತ್ತ ಏರಬಹುದು, ಮತ್ತ ಇಳೀಬಹುದು. ಏನಾದ್ರೂ ನಾನ ಬಂದ ಹೇಳತೀನಿ. ಚಲೋ ಇದ್ರ ಚಲೋ ಅಂತೀನಿ, ಕೆಟ್ಟಿದ್ರ ಕೆಟ್ಟ ಅಂತೀನಿ. ಇವತ್ತಿಗೆ ಮಾತ್ರ ಇವರು ಹೋಗಾಕತ್ತಿಲ್ಲ, ಬರಾಕತ್ತಾರ.”

ಕರಿಬಸಪ್ಪ ತಮ್ಮನ ಹಣೆ ಮುಟ್ಟಿ ನೋಡಿದ. ಹದಿನೆಂಟು ವರ್ಷದ ಸಂಸಾರದಲ್ಲಿ ಭಾವನ ಎದುರು ತಲೆಯೆತ್ತಿ ಮಾತಾಡದ ಕಸ್ತೂರವ್ವ ಕಾಲು ಬಿಡದೆಯೇ ಹೇಳಿದಳು: “ಭಾವಾರ, ಗಾಡಿ ವಾಪಸ್ ಕಳಸ್ರಿ. ಇವರ್ನ ನಾ ಇಲ್ಲಿಂದ ಏಳಸಂಗಿಲ್ಲ.”

ಅವನು ಅವಳನ್ನೂ ನೋಡಿದ, ನೀಲಗಂಗಾಳನ್ನೂ ನೋಡಿದ. “ನಾ ಅವನ್ನ ಕೊಲ್ಲಾಕ ಬಂದಿರಲಿಲ್ಲ ಬಾಯಾರ” ಎಂದ.

“ಅದ ನನಗ ಗೊತ್ತೈತಿ ಕಾಕಾ. ನಿಮಗ ಹೇಳೋರು ಇರಲಿಲ್ಲ.”

ಗಾಡಿ ಖಾಲಿಯೇ ಮರಳಿತು. ಮರುದಿನ ನಾಡಿ ಸ್ವಲ್ಪ ಏರಿದಾಗ ನೀಲಗಂಗಾ ಹೇಳಿದ ಮಾತಿನಂತೆ ಹೊರಬಂದು, “ಗಾಯದ ಪಟ್ಟಿ ಬಿಚ್ಚಿ ತೊಳದೀವಿ, ನೋವಿಗೆ ಏರೈತಿ, ತಾಸಿನಾಗ ಇಳೀತೈತಿ” ಎಂದಳು. ಇಳಿಯಿತು. ಅದರ ಮರುದಿನ ಕುತ್ತಿಗೆಯ ಔಷಧ ಕಡಿಮೆ ಮಾಡಿದರು, ಒತ್ತಡ ಕುಸಿಯಲಿಲ್ಲ. ಊರಿನಲ್ಲಿ ಗಿರಣಿಗೆ ಬಂದವರಿಗೆ ಕಸ್ತೂರವ್ವ ಈಗ ಕೈ ಕೊಡುತ್ತಿರಲಿಲ್ಲವಂತೆ. “ಬರೇ ನಾಡಿ ನೋಡಿದ್ರ ಏನ ತಿಳೀತೈತಿ ನಿಮಗ? ಉಚ್ಚಿ ಎಷ್ಟಾತು ಕೇಳ್ರಿ ಮೊದಲ” ಎನ್ನುತ್ತಿದ್ದಳಂತೆ. ಕಟಿಂಗ್ ಅಂಗಡಿಯವನು ಅದಕ್ಕೂ ತಲೆಯಾಡಿಸಿದನಂತೆ.

ಎರಡನೇ ಮಹಡಿಯಲ್ಲಿ ಶ್ರೀವತ್ಸ ಸುಮ್ಮನಿರಲಿಲ್ಲ. ಬಳೆಗೇ ಬಾಯಿ ಕೊಟ್ಟು ‘ಅಪಾಯವಿಲ್ಲ’, ‘ಅಪಾಯವಿದೆ’ ಎಂದು ಮಾತಾಡಿಸಬೇಕೆಂದು ಅವನು ತಿಂಗಳುಗಟ್ಟಲೆ ಹಾಕಿಕೊಂಡಿದ್ದ ಯೋಜನೆಯನ್ನು ಬದಿಗಿಟ್ಟ. ಅದರ ಬದಲಿಗೆ ಇನ್ನೊಂದನ್ನು ಬರೆದ. ಬಳೆ ಏರಿಸಿಕೊಳ್ಳುವವರು ಮೊದಲು ತಮ್ಮದೇ ನಾಡಿಯನ್ನು ಅದರಲ್ಲಿ ಕೇಳಬೇಕು, ಕೂತು ಒಮ್ಮೆ, ಮೆಟ್ಟಿಲು ಹತ್ತಿಳಿದು ಒಮ್ಮೆ. ಪಕ್ಕದಲ್ಲಿ ಒಬ್ಬ ನರ್ಸು ಇರಬೇಕು. ಸಂಜೆಯ ಬಾಗಿಲ ಮಾತು ಮತ್ತೆ ಶುರುವಾಗಬೇಕು. ಕೊನೆಯದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ ಎಂದು ಮೇಲಿನವರು ತಕರಾರು ತೆಗೆದರು. ಅದಿಲ್ಲದಿದ್ದರೆ ಯಂತ್ರವನ್ನೇ ವಾಪಸು ಒಯ್ಯುತ್ತೇನೆ ಎಂದು ಆ ಮೆದು ಮನುಷ್ಯ ಹಠ ಹಿಡಿದು ಕೂತ. ಬಾಗಿಲ ಮಾತು ಮತ್ತೆ ಬಂತು.

ಗುರಪ್ಪ ಐಸಿಯುದಿಂದ ಸಾದಾ ವಾರ್ಡಿಗೆ ಬಂದ ಮೇಲೆ ಶ್ರೀವತ್ಸನಿಗೆ ಇನ್ನೊಂದು ಪ್ರಯೋಗ ಮಾಡಬೇಕೆನಿಸಿತು. ಇಷ್ಟು ದಿನ ಒಳಗಿನವರ ನಾಡಿ ಹೊರಗೆ ಹೋಗುತ್ತಿತ್ತು. ಹೊರಗಿನವರದನ್ನು ಒಳಗೆ ತಂದರೆ ಹೇಗೆ? ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿದವರಿಗೆ ಮನೆಯವರ ಬಡಿತ ಜೊತೆಗಿರಲಿ. ಕಸ್ತೂರವ್ವನ ಬೆರಳಿಗೆ ಒಂದು ಸಣ್ಣ ಕ್ಲಿಪ್ಪು ಕೊಟ್ಟು, ಗುರಪ್ಪನ ಕೈಗೆ ಕರಿ ಬಣ್ಣದ ಪಟ್ಟಿ ಕಟ್ಟಿದರು.

ಅವತ್ತು ಮಧ್ಯಾಹ್ನ ಗುರಪ್ಪ ಮೊದಲ ಸಲ ದಿಂಬಿಗೊರಗಿ ಎದ್ದು ಕೂತಿದ್ದ. ಸೊರಗಿದ ಮುಖ, ಹೊಸದಾಗಿ ಕ್ಷೌರ ಮಾಡಿಸಿದ ಗಲ್ಲ. ಐಸಿಯುದಿಂದ ಅವನನ್ನು ಕಂಡುಹೋಗಲು ಬಂದ ನೀಲಗಂಗಾ ಅವನ ಜ್ವರ ನೋಡುತ್ತಿದ್ದಾಗ ಅವನು ಥಟ್ಟನೆ ಅವಳ ಕೈ ಹಿಡಿದ.

“ಬಾಯಾರ, ಇಕಿಗೆ ಏನೋ ಆಗೈತಿ. ನೋಡ್ರಿ, ಹೆಂಗ ಓಡಾಕತ್ತೈತಿ.”

ನೀಲಗಂಗಾ ಬಾಗಿಲ ಕಡೆ ನೋಡಿದಳು. ಕಸ್ತೂರವ್ವ ಗಂಜಿಯ ಡಬ್ಬಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಎದ್ದು ಕೂತ ಗಂಡನನ್ನು ಎಷ್ಟು ದಿನಗಳ ಮೇಲೆ ನೋಡುತ್ತಿದ್ದಾಳೋ, ಒಳಗೆ ಕಾಲಿಡುವುದೇ ಮರೆತಿತ್ತು.

“ನೀ ಹಂಗ ಯಾಕ ನಿಂತಿ? ಏನಾಗೈತಿ ನಿನಗ?” ಎಂದ ಗುರಪ್ಪ.

“ಏನಿಲ್ಲ” ಎಂದಳು ಕಸ್ತೂರವ್ವ, ಹತ್ತಿರ ಬರುತ್ತ. “ಮೂರ ಮಜಲಿ ಹತ್ತಿ ಬಂದೀನಿ, ಅದಕ್ಕ ಏರೈತಿ. ಈಗ ಇಳೀತೈತಿ. ಇಳದ್ರ ಹೆದರಬ್ಯಾಡ್ರಿ ಮತ್ತ.”

“ಮುಂಜಾನಿಂದ ಲಿಫ್ಟು ಚಾಲೂ ಆಗೈತಂತ, ಅಣ್ಣ ಹೇಳಿದ.”

ಕಸ್ತೂರವ್ವ ಹಾಸಿಗೆಯ ಅಂಚಿಗೆ ಕೂತು ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮುಳುಗಿದಳು. ಗುರಪ್ಪನ ಕೈಯ ಪಟ್ಟಿಯ ಬಡಿತ ಇನ್ನಷ್ಟು ಜೋರಾಯಿತು. ಅವನು ಗಾಬರಿಯಿಂದ ನೀಲಗಂಗಾಳ ಕಡೆ ತಿರುಗಿದ. “ಕೂತ ಮ್ಯಾಲೂ ಏರಾಕತ್ತೈತಲ್ರೀ. ಯಾಕ ಹಿಂಗ? ನೀವರ ಹೇಳ್ರಿ.”

ಇಪ್ಪತ್ತು ವರ್ಷದಿಂದ ಏರಿದ್ದಕ್ಕೂ ಇಳಿದದ್ದಕ್ಕೂ ಅರ್ಥ ಬಿಡಿಸಿ ಹೇಳುತ್ತ ಬಂದಿದ್ದ ನೀಲಗಂಗಾ ಕಸ್ತೂರವ್ವನ ಬಗ್ಗಿದ ಮುಖ ನೋಡಿದಳು, ಅವಳ ಕಿವಿಯ ತನಕ ಏರಿದ್ದ ಕೆಂಪು ನೋಡಿದಳು.

“ಇದನ್ನ ಮಾತ್ರ ನಾ ಹೇಳಂಗಿಲ್ಲ. ಅವರನ್ನ ಕೇಳ್ರಿ” ಎಂದು ಹಾಸಿಗೆಯ ಸುತ್ತ ಪರದೆ ಎಳೆದು ಹೊರಗೆ ನಡೆದಳು.